ಕೇಳಿಸಿಕೊಂಡ ಆಟ

ಮೈಥಿಲಿ ಇಟಲಿಗೆ ಹೊರಡುವ ಹಿಂದಿನ ದಿನ ಸತ್ಯವತಿ ಅಡುಗೆಮನೆಯಲ್ಲಿ ಚಟ್ನಿಪುಡಿಯನ್ನು ಡಬ್ಬಿಗೆ ಒತ್ತಿ ತುಂಬುತ್ತಿದ್ದಳು. ಅಲ್ಲಿನ ಒಂದು ಕ್ಲಬ್ಬು ಮಗಳನ್ನು ಬ್ಯಾಸ್ಕೆಟ್‌ಬಾಲ್ ಆಡಲು ಸಂಬಳ ಕೊಟ್ಟು ಕರೆಸಿಕೊಳ್ಳುತ್ತಿತ್ತು. ಅದು ತೊಂಬತ್ತರ ದಶಕದ ಆರಂಭ; ಅವರಿದ್ದ ಅಮೆರಿಕದಲ್ಲಿ ಹೆಂಗಸರಿಗೆಂದು ಶುರುವಾಗಿದ್ದ ಒಂದೆರಡು ಲೀಗುಗಳೂ ಮುಚ್ಚಿಹೋಗಿದ್ದವು. ಕಾಲೇಜಿನ ಚರಿತ್ರೆಯಲ್ಲೇ ಯಾವ ಹುಡುಗಿಯೂ ಗಳಿಸದಷ್ಟು ಪಾಯಿಂಟು ಗಳಿಸಿದವಳು ಮೈಥಿಲಿ. ಆ ಆಟಗಳಲ್ಲಿ ಒಂದನ್ನೂ ಸತ್ಯವತಿ ನೋಡಿರಲಿಲ್ಲ.

ಹೋಗುತ್ತಿರಲಿಲ್ಲ ಎಂದಲ್ಲ. ಗಂಡ ಶ್ರೀಕಂಠನ ಜೊತೆ ತಮ್ಮೂರು ಸನ್ನಿವೇಲಿನಿಂದ ಕಾರಿನಲ್ಲಿ ಪ್ರತಿ ಸಲವೂ ಹೋಗುತ್ತಿದ್ದಳು. ಅವನು ಒಳಗೆ ಕೂತರೆ, ಅವಳು ಹೊರಗಿನ ಕಾರಿಡಾರಿನಲ್ಲಿ, ಪಾಪ್‌ಕಾರ್ನ್ ಮಾರುವವರ ಪಕ್ಕದ ಬೆಂಚಿನ ಮೇಲೆ, ಬಾಗಿಲಿಗೆ ಬೆನ್ನು ಹಾಕಿ ಸ್ವೆಟರು ಹೆಣೆಯುತ್ತಿದ್ದಳು. ಒಳಗೆ ಜನ ಮೈಥಿಲಿಯನ್ನು "ಮಿಲಿ! ಮಿಲಿ!" ಎಂದು ಕೂಗಿದಾಗ ಕಡ್ಡಿಗಳು ನಿಲ್ಲುತ್ತಿದ್ದವು. ಆಮೇಲೆ ಮತ್ತೆ ಹೆಣಿಗೆ.

"ಅಮ್ಮ, ನಾಳೆ ಏರ್‌ಪೋರ್ಟ್ ಒಳಗಾದ್ರೂ ಬರ್ತೀಯಾ, ಇಲ್ಲಾ ಪಾರ್ಕಿಂಗ್ ಲಾಟಲ್ಲೇ ಕೂತಿರ್ತೀಯಾ?" ಮೈಥಿಲಿ ಬಾಗಿಲಿಗೆ ಒರಗಿ ಕೇಳಿದಳು.

"ಏನು ಮಾತು ಅಂತ ಆಡ್ತೀಯೆ?"

"ಇಟ್ಸ್ ಓಕೆ. ನಾನು ಶಾರ್ಟ್ಸ್ ಹಾಕ್ಕೊಂಡು ಓಡೋದು ನಿಂಗೆ ನಾಚಿಕೆ. ಐ ನೋ."

ಸತ್ಯವತಿಯ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. "ನಾಚಿಕೆನಾ? ನಿನ್ನ ನೋಡೋಕಾ?"

ಸತ್ಯವತಿ ಚಮಚ ಕೆಳಗಿಟ್ಟಳು. ಇಷ್ಟು ವರ್ಷ ಇವಳು ಹೀಗೆ ತಿಳಿದುಕೊಂಡಿದ್ದಳೇ! ಇದೇ ಮಾತು ಮನಸ್ಸಿನಲ್ಲಿಟ್ಟುಕೊಂಡು ಹುಡುಗಿ ನಾಳೆ ವಿಮಾನ ಹತ್ತಿಬಿಡುತ್ತಾಳೆ.

"ಹೈಸ್ಕೂಲಲ್ಲಿ ನಿನ್ನ ಮೊದಲನೇ ಆಟ ನೋಡಿದ್ದೆ. ನೀನು ಹಾರಿ ಬಾಲು ಹಾಕಿದೆ. ಎಷ್ಟು ಚೆನ್ನಾಗಿದ್ದಾಳಪ್ಪ ನನ್ನ ಮಗಳು ಅಂದ್ಕೊಂಡೆ, ಅಷ್ಟೇ. ನೀನು ಕೆಳಗೆ ಬಿದ್ದೆ. ಕಾಲು ಮುರೀತು. ಹೆತ್ತವಳ ಕಣ್ಣೇ ಎಲ್ಲರಿಗಿಂತ ಮೊದಲು ತಾಗೋದು ಕಣೆ."

"ಕಣ್ಣು? ಯು ಮೀನ್ ದೃಷ್ಟಿ?"

"ಹ್ಞೂಂ."

"ಅಮ್ಮ! ನೀನು ಬ್ಲಡ್ ಲ್ಯಾಬಲ್ಲಿ ಕೆಲ್ಸ ಮಾಡ್ತೀಯ!"

"ಅಲ್ಲಿ ನೋಡೋದು ಬೇರೆಯವರ ಮಕ್ಕಳ ರಕ್ತ."

ಮೈಥಿಲಿ ಜೋರಾಗಿ ನಕ್ಕಳು. ನಗು ಅರ್ಧದಲ್ಲೇ ಬೇರೇನೋ ಆಯಿತು. "ಡ್ಯಾಡಿ ಪಕ್ಕದ ಸೀಟ್ ಮೇಲೆ ಯಾವಾಗ್ಲೂ ಕೋಟು ಇಟ್ಟಿರ್ತಿದ್ರು, ನಿಂಗೆ ಅಂತ. ನಾನು ಆ ಕೋಟೇ ನೋಡ್ತಿದ್ದೆ." ಮುಂಗೈಯಿಂದ ಮೂಗು ಒರೆಸಿಕೊಂಡಳು. "ಬಾ ನನ್ಜೊತೆ. ಈಗ್ಲೇ."

ಅಪಾರ್ಟ್‌ಮೆಂಟಿನ ಹಿಂದೆ ಒಂದು ಪಾರ್ಕು, ಅಲ್ಲೊಂದು ಬ್ಯಾಸ್ಕೆಟ್ಟು. ಸತ್ಯವತಿ ಕಾಡಿಗೆ ಡಬ್ಬಿ ಹಿಡಿದೇ ಹೊರಟಿದ್ದಳು. ಮಗಳು ತಕರಾರು ಮಾಡದೆ ಬೆಂಚಿನ ಮೇಲೆ ಕೂತು ಶೂ, ಕಾಲುಚೀಲ ತೆಗೆದು ಕಾಲು ಚಾಚಿದಳು. ಆ ಪಾದವನ್ನು ಸತ್ಯವತಿ ಮಡಿಲಲ್ಲಿಟ್ಟುಕೊಂಡು ಎಷ್ಟು ಕಾಲವಾಗಿತ್ತೋ. ಅಂಗಾಲು ಒರಟಾಗಿತ್ತು. ಹರಡಿನ ಮೇಲೆ ಹಳೆಯ ಗಾಯದ ಗೆರೆ. ಬೆರಳಲ್ಲಿ ಕಾಡಿಗೆ ಅದ್ದಿ ಅಂಗಾಲಿಗೆ ಬೊಟ್ಟಿಟ್ಟಳು.

"ಟಿಕಲ್ ಆಗತ್ತೆ!"

"ಸುಮ್ನಿರು."

ಮೈಥಿಲಿ ಗೆರೆಯ ಹಿಂದೆ ನಿಂತು ಚೆಂಡು ಎಸೆದಳು. ಅದು ಕಬ್ಬಿಣದ ಬಳೆಗೆ ಬಡಿದು ಹೊರಗೆ ಬಿತ್ತು.

ಸತ್ಯವತಿ ತಟಕ್ಕನೆ ಕಣ್ಣು ಮುಚ್ಚಿಕೊಂಡಳು. "ನೋಡಿದ್ಯಾ? ಹೇಳ್ಲಿಲ್ವಾ ನಾನು?"

"ಕಣ್ಣು ಬಿಡಮ್ಮ. ನಾನು ಅರ್ಧಕ್ಕರ್ಧ ಮಿಸ್ ಮಾಡ್ತೀನಿ. ಆಲ್ವೇಸ್. ಕಾಲೇಜ್ ರೆಕಾರ್ಡ್ ಮಾಡಿದ್ದೂ ಹಾಗೇನೆ."

"ಸುಳ್ಳು. ನಾನು ಕೇಳಿಸ್ಕೊಂಡಿದೀನಿ."

"ಮಿಸ್ ಆದಾಗ ಮಿಲಿ ಅಂತ ಯಾರು ಕೂಗ್ತಾರೆ?"

ಸತ್ಯವತಿಗೆ ಆ ಬೆಂಚು ನೆನಪಾಯಿತು. ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ಬಾಗಿಲಾಚೆ ಏನೂ ನಡೆಯುತ್ತಿಲ್ಲವೆಂದೇ ತಿಳಿದಿದ್ದಳು. ಆ ಹೊತ್ತಿನಲ್ಲೇ ಈ ಹುಡುಗಿ ಹಾರಿ, ತಪ್ಪಿ, ಮತ್ತೆ ಓಡಿಬಂದು ನಿಂತಿರುತ್ತಿದ್ದಳು. ತನ್ನ ಕಣ್ಣು ತಾಗದೆಯೂ ತಪ್ಪಿದ್ದಳು. ಆಗೆಲ್ಲ ತಲೆ ಎತ್ತಿದರೆ ಕಂಡದ್ದು ಒಂದು ಕೋಟು.

ಅವಳು ಕಣ್ಣು ಬಿಟ್ಟಳು. "ಇನ್ನೊಂದು ಹಾಕು."

ಅದೂ ಹೊರಗೆ ಬಿದ್ದು, ಪುಟಿಯುತ್ತ ಬಂದು ಅವಳ ಕಾಲ ಬಳಿ ನಿಂತಿತು. ಸತ್ಯವತಿ ಸೆರಗು ಸಿಕ್ಕಿಸಿಕೊಂಡು ಅದನ್ನು ಎತ್ತಿಕೊಂಡಳು. ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಮಗಳ ಮುಖದಿಂದ ಕಣ್ಣು ಕೀಳದೆ, ಎರಡೂ ಕೈಯಿಂದ ಅವಳತ್ತ ಎಸೆದಳು.

"ಹಾಕೆ," ಎಂದಳು. "ನೋಡ್ತಾ ಇದೀನಿ."