ಅಪ್ಪನ ಎದೆ, ಅಜ್ಜಿಯ ಹೊಟ್ಟೆಕಿಚ್ಚು

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನನಗೆ ನನ್ನ ಸೊಸೆಯ ಮೇಲೆ ಹೊಟ್ಟೆಕಿಚ್ಚು ಬಂದಿತ್ತು. ಅವಳು ನನ್ನ ಜೊತೆ ಜಗಳ ಆಡಿರಲಿಲ್ಲ, ನನ್ನ ಪೆಟ್ಟಿಗೆಯ ಬೀಗದ ಕೈ ಕೇಳಿರಲಿಲ್ಲ. ಆದರೂ ಬಂದಿತ್ತು. ಯಾಕೆಂದರೆ ಅವಳು ಹಾಯಾಗಿ ಮಲಗಿದ್ದಳು, ಅವಳ ಮಗು ನನ್ನ ಮಗನ ಎದೆಯ ಮೇಲಿತ್ತು.

ಮೊಮ್ಮಗಳು ದಿನ ತುಂಬುವ ಮೊದಲೇ ಹುಟ್ಟಿದ್ದಳು. ಸೊಸೆಗೆ ಆಪರೇಷನ್ ಆಗಿತ್ತು. ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಮಗುವಿನ ತೂಕ ಒಂದು ಕಿಲೋ ಒಂಬೈನೂರು ಗ್ರಾಂ. ನರ್ಸಮ್ಮ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು.

"ಮಗೂಗೆ ಬಟ್ಟೆ ಸುತ್ತಿ ಮೂಲೇಲಿ ಮಲಗಿಸಬೇಡಿ. ಟೋಪಿ ಹಾಕಿ, ಲಂಗೋಟಿ ಕಟ್ಟಿ, ಬರೀ ಎದೆ ಮೇಲೆ ನೇರವಾಗಿ ಒರಗಿಸಿಕೊಳ್ಳಿ. ಚರ್ಮಕ್ಕೆ ಚರ್ಮ ತಾಗಬೇಕು. ಮೇಲೆ ಬಟ್ಟೆ ಕಟ್ಟಿ. ಮುಖ ಪಕ್ಕಕ್ಕಿರಲಿ, ಮೂಗು ಬಾಯಿ ಮುಚ್ಚಬಾರದು. ದಿನಕ್ಕೆ ಎಷ್ಟು ಹೊತ್ತು ಆಗುತ್ತೋ ಅಷ್ಟೂ ಒಳ್ಳೇದು. ಅಮ್ಮನಿಗೆ ಸುಸ್ತಾದ್ರೆ ಅಪ್ಪ ಇಟ್ಕೊಳ್ಳಲಿ."

ಅಪ್ಪ ಅಂದರೆ ನನ್ನ ಮಗ. ವೆಲ್ಡಿಂಗ್ ಕೆಲಸದವನು. ಮನೆಯ ಮುಂದಿನ ಶೆಡ್ಡಿನಲ್ಲೇ ಗೇಟು, ಕಿಟಕಿಯ ಕಂಬಿ ಮಾಡುತ್ತಾನೆ. ಮುಂಗೈ ತುಂಬ ಕಿಡಿ ಹಾರಿದ ಕಲೆ. ಅಂಥವನು ಮಧ್ಯಾಹ್ನ ಕೆಲಸ ನಿಲ್ಲಿಸಿ, ಸೋಪು ಹಚ್ಚಿ ಮೈ ತೊಳೆದು, ಮಗುವನ್ನು ಎದೆಗೆ ಕಟ್ಟಿಕೊಂಡು ಸಂಜೆಯವರೆಗೂ ಕುರ್ಚಿಯಲ್ಲಿ ಒರಗಿರುತ್ತಿದ್ದ. ಸೊಸೆ ಆ ಹೊತ್ತಿನಲ್ಲಿ ಕಣ್ತುಂಬ ನಿದ್ದೆ ಮಾಡುತ್ತಿದ್ದಳು.

ನಾನು ಕಿಟಕಿಯ ಪಕ್ಕ ಕೂತು ದರ್ಜಿ ಅಂಗಡಿಯ ಷರಟುಗಳಿಗೆ ಕಾಜಾ ಹೊಲಿದು ಗುಂಡಿ ಹಾಕುತ್ತೇನೆ. ಅವನನ್ನು ಹಾಗೆ ನೋಡಿದ ಮೊದಲ ದಿನ ಮೂರು ಸಲ ಸೂಜಿ ಬೆರಳಿಗೆ ಚುಚ್ಚಿತು. ಇದೇ ಮಗನನ್ನು ಹೆತ್ತಾಗ ನಾನು ಒಂದು ತೊಡೆಯ ಮೇಲೆ ಅವನನ್ನೂ ಇನ್ನೊಂದರ ಮೇಲೆ ಷರಟುಗಳನ್ನೂ ಇಟ್ಟುಕೊಂಡು ಸೊಂಟ ಬಿದ್ದುಹೋಗುವ ಹಾಗೆ ದುಡಿದಿದ್ದೆ. ನಮ್ಮ ಯಜಮಾನರು ಬಡಗಿ. ಆಗ ಮೂರು ವಾರ ಹಿತ್ತಲಲ್ಲಿ ಒಂದು ತೊಟ್ಟಿಲನ್ನು ಉಜ್ಜುತ್ತಾ ಕೂತಿದ್ದರೇ ಹೊರತು ಮಗುವಿನ ಹತ್ತಿರ ಸುಳಿದಿರಲಿಲ್ಲ. ನನಗೆ ಸಿಗದ್ದು ಇವಳಿಗೆ ಸಿಕ್ಕಿತಲ್ಲ, ಅದೂ ನಾನೇ ಹೆತ್ತು ಬೆಳೆಸಿದ ಮಗನಿಂದ! ಉರಿಯದೆ ಏನಾಗುತ್ತದೆ ಹೇಳಿ.

ಮೊದಲ ವಾರ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ವಾರದ ಕೊನೆಗೆ ನರ್ಸಮ್ಮ ಮನೆಗೇ ಬಂದು ತೂಗಿದಾಗ ಮಗು ನೂರ ಎಂಬತ್ತು ಗ್ರಾಂ ಜಾಸ್ತಿಯಾಗಿತ್ತು. ಎರಡು ಕಿಲೋ ದಾಟಿತು ಅಂತ ಎಲ್ಲರಿಗೂ ಖುಷಿ. ಅಷ್ಟರಲ್ಲಿ ಒಂದು ಮಧ್ಯಾಹ್ನ ಮಗನ ಜೊತೆ ಕೆಲಸ ಮಾಡುವ ಇಬ್ಬರು ಯಾವುದೋ ಗೇಟಿನ ಅಳತೆ ಕೇಳಲು ಒಳಗೆ ಬಂದರು. ನನ್ನ ನಾಲಿಗೆ ನಿಲ್ಲಲಿಲ್ಲ.

"ಏನಪ್ಪಾ, ಹಾಲೂ ನೀನೇ ಕುಡಿಸ್ತೀಯೋ? ಸೀರೆ ಬೇಕಿದ್ರೆ ಹೇಳು, ನನ್ನದೇ ಒಂದು ಕೊಡ್ತೀನಿ" ಅಂದುಬಿಟ್ಟೆ.

ಅವರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗನ ಮುಖ ಕೆಂಪಾಯಿತು. ಎದ್ದು ಮಗುವನ್ನು ಹೆಂಡತಿಯ ಪಕ್ಕ ಮಲಗಿಸಿ ಷರಟು ಹಾಕಿಕೊಂಡು ಹೋದ. ಮಾರನೇ ದಿನ ಮಧ್ಯಾಹ್ನ ಅವನು ಒಳಗೆ ಬರಲಿಲ್ಲ. ಅದರ ಮಾರನೇ ದಿನವೂ ಬರಲಿಲ್ಲ.

ನನಗೆ ಸಮಾಧಾನವಾಯಿತು. ಅಟ್ಟದ ಮೇಲಿದ್ದ ಹಳೆಯ ತೊಟ್ಟಿಲನ್ನು ಇಳಿಸಿ, ಒರೆಸಿ, ಮೆತ್ತಗೆ ಬಟ್ಟೆ ಹಾಸಿ ಮಗುವನ್ನು ಮಲಗಿಸಿದೆ. "ನಿನ್ನ ಗಂಡ ಬೆಳೆದದ್ದೂ ಇದರಲ್ಲೇ. ತೊಟ್ಟಿಲು ಇರೋವಾಗ ಎದೆ ಯಾಕೆ?" ಅಂದೆ. ಸೊಸೆ ನನ್ನ ಮುಖ ನೋಡಿ, ಮಗುವಿಗೆ ಇನ್ನೊಂದು ಬಟ್ಟೆ ಹೊದಿಸಿದಳು.

ಮುಂದಿನ ವಾರ ನರ್ಸಮ್ಮ ತಕ್ಕಡಿ ತಂದರು. ಮಗುವನ್ನು ತೂಗಿ, ಮತ್ತೊಮ್ಮೆ ತೂಗಿದರು. ಹತ್ತೇ ಹತ್ತು ಗ್ರಾಂ ಹೆಚ್ಚಾಗಿತ್ತು. ಪಾದ ಮುಟ್ಟಿ ನೋಡಿದರು.

"ಪಾದ ತಣ್ಣಗಿದೆಯಲ್ಲಮ್ಮ! ಎದೆ ಮೇಲೆ ಇಟ್ಕೊಳ್ತಿಲ್ವಾ?"

"ಇಟ್ಕೊಳ್ತೀನಿ. ಹೊಲಿಗೆ ನೋಯುತ್ತೆ, ಜಾಸ್ತಿ ಹೊತ್ತು ಆಗ್ತಿಲ್ಲ" ಅಂದಳು ಸೊಸೆ. ನನ್ನ ಹೆಸರು ಎತ್ತಲಿಲ್ಲ. ಮಗ ನೆಲ ನೋಡುತ್ತಾ ನಿಂತಿದ್ದ.

"ತಣ್ಣಗಾದ್ರೆ ಮಗು ಕುಡಿದ ಹಾಲೆಲ್ಲ ಮೈ ಬಿಸಿ ಮಾಡಿಕೊಳ್ಳೋದಕ್ಕೇ ಖರ್ಚಾಗುತ್ತೆ. ಬೆಳೆಯೋಕೆ ಏನು ಉಳಿಯುತ್ತೆ? ಹೀಗೇ ಆದ್ರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ" ಅಂದರು ನರ್ಸಮ್ಮ.

ಆಸ್ಪತ್ರೆ ಅಂದದ್ದು ಕೇಳಿ ಹೆದರಿಕೆಯಾಯಿತು. ಆದರೂ ಸೋಲಲು ಮನಸ್ಸಿಲ್ಲ. "ಗಂಡಸಿಗೆ ಯಾಕಮ್ಮ ಇದೆಲ್ಲ? ಇದು ಹೆಂಗಸರ ಕೆಲಸ" ಅಂದೆ.

"ಹಾಲೂಡಿಸೋದು ಅಮ್ಮನ ಕೆಲಸ, ಸರಿ. ಬಿಸಿ ಕೊಡೋದಕ್ಕೆ ಯಾರ ಮೈ ಆದ್ರೇನು? ಗಂಡಸಿನ ಎದೆ ತಣ್ಣಗಿರುತ್ತಾ?" ಅಂದು ನಕ್ಕರು. "ಯಾವ ಗಂಡೂ ಹುಟ್ಟುವಾಗಲೇ ನಾನು ಮಗು ಎತ್ತಲ್ಲ ಅಂತ ಹುಟ್ಟಲ್ಲಮ್ಮ. ಅದನ್ನ ನಾವೇ ಹೇಳಿಕೊಡ್ತೀವಿ. ಎತ್ಕೊಂಡ್ರೆ ನಗ್ತೀವಿ, ಎತ್ಕೊಳ್ಳದಿದ್ರೆ ಗಂಡಸರೇ ಹೀಗೆ ಅಂತ ಬೈತೀವಿ."

ಆಗ ನನ್ನೊಳಗಿನದೆಲ್ಲ ಹೊರಗೆ ಬಂತು. "ಹಾಗಾದ್ರೆ ನನ್ನ ಮಗೂನ ಯಾರು ಹಿಡ್ಕೊಂಡ್ರು? ನಾನು ಒಬ್ಬಳೇ ಸತ್ತೆನಲ್ಲ, ಆಗ ಯಾರು ಬಂದ್ರು?" ಅಂತ ಕೂಗಿಬಿಟ್ಟೆ. ಅಳುವೂ ಬಂತು.

ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಮನೆಯಲ್ಲಿ ಮಾತು ಜೋರಾದಾಗ ಅವರು ಯಾವಾಗಲೂ ಹಿತ್ತಲಿಗೆ ಹೋಗುವವರು. ಅವತ್ತು ಹೋಗಲಿಲ್ಲ.

"ನಾನು ಬಂದಿದ್ದೆ ಕಣೇ" ಅಂದರು. "ಇವನು ಹುಟ್ಟಿ ಮೂರನೇ ದಿನ. ಕೈ ತೊಳ್ಕೊಂಡು ಬಂದಿದ್ದೆ. ನಿಮ್ಮಮ್ಮ ಇದ್ರು. 'ಉಳಿ ಹಿಡಿಯೋ ಕೈಗೆ ಮಗು ಯಾಕ್ರೀ, ನೋಡಿದವರು ನಗ್ತಾರೆ, ಹೋಗಿ' ಅಂದೆ ನೀನು."

ನನಗೆ ನೆನಪಾಯಿತು. ಅಂದಿದ್ದೆ. ಅಮ್ಮನೆದುರು ನಾಚಿಕೆಯಾಗಿತ್ತು.

"ಎತ್ಕೊಳ್ಳೋಕಂತೂ ಆಗ್ಲಿಲ್ಲ. ಮಗು ಮಲಗೋ ಜಾಗಾನಾದ್ರೂ ನನ್ನ ಕೈಯಲ್ಲೇ ಆಗ್ಲಿ ಅಂತ ತೊಟ್ಟಿಲು ಮಾಡಿದೆ. ಎಲ್ಲೂ ಚುಚ್ಚಬಾರದು ಅಂತ ಮೂರು ವಾರ ಉಜ್ಜಿದೆ."

ಮೂವತ್ತು ವರ್ಷ ಈ ಮನುಷ್ಯನನ್ನು ಬೈದುಕೊಂಡಿದ್ದೆ. ತೊಟ್ಟಿಲಿನ ಅಂಚಿನ ಮೇಲೆ ಕೈ ಆಡಿಸಿದೆ. ಒಂದು ಸಿಬಿರೂ ಇರಲಿಲ್ಲ.

ಸೆರಗಿನಲ್ಲಿ ಮುಖ ಒರೆಸಿಕೊಂಡು ಮಗನಿಗೆ ಹೇಳಿದೆ: "ಹೋಗೋ, ಮೈ ತೊಳ್ಕೊಂಡು ಬಾ. ಅವತ್ತು ನನ್ನ ಬಾಯಿ ಕೆಟ್ಟಿತ್ತು." ಆಮೇಲೆ ಯಜಮಾನರ ಕಡೆ ತಿರುಗಿ, "ರೀ, ನೀವೂ ಹೋಗಿ ತೊಳ್ಕೊಂಡು ಬನ್ನಿ. ಅವನು ಕೆಲಸಕ್ಕೆ ಹೋದಾಗ ನಿಮ್ಮ ಸರದಿ" ಅಂದೆ.

ಅವರು ನರ್ಸಮ್ಮನ ಮುಖ ನೋಡಿದರು. "ಅಜ್ಜನೂ ಇಟ್ಕೊಳ್ಳಬಹುದಾ?"

"ಕೆಮ್ಮು ನೆಗಡಿ ಇಲ್ಲದೆ ಚೊಕ್ಕಟವಾಗಿದ್ರೆ ಧಾರಾಳವಾಗಿ."

ಸಂಜೆ ಅವರ ಎದೆಯ ಮೇಲೆ ಮಗುವನ್ನು ಒರಗಿಸಿದೆವು. ಮರ ಕೊಯ್ದು ಜಡ್ಡುಗಟ್ಟಿದ ಕೈಯನ್ನು ಅದರ ಬೆನ್ನಿಗೆ ಮೆಲ್ಲಗೆ ಆನಿಸಿದರು. "ಇವನೂ ಇಷ್ಟೇ ಹಗುರ ಇದ್ದನಾ?" ಅಂತ ಕೇಳಿದರು. ನಾನು ಹೂಂ ಅಂದು ಮಗುವಿನ ಟೋಪಿ ಸರಿಮಾಡಿದೆ.

ಮೊಮ್ಮಗಳು ಈಗ ಎರಡೂವರೆ ಕಿಲೋ ದಾಟಿದ್ದಾಳೆ. ಮಗನಿಗೂ ಯಜಮಾನರಿಗೂ ಮುಂದೆ ಪೂರ್ತಿ ತೆರೆಯುವ, ಕುತ್ತಿಗೆ ಸಡಿಲ ಇರುವ ಒಂದೊಂದು ಷರಟು ಹೊಲಿದುಕೊಟ್ಟಿದ್ದೇನೆ. ಅವತ್ತು ನಕ್ಕ ಇಬ್ಬರಲ್ಲಿ ಒಬ್ಬ ಮೊನ್ನೆ ಬಂದು, ತನ್ನ ಹೆಂಡತಿಗೂ ದಿನ ಹತ್ತಿರವಾಗಿದೆ, ಅಂಥದ್ದೊಂದು ತನಗೂ ಬೇಕು ಅಂತ ಮೆಲ್ಲಗೆ ಕೇಳಿದ. ನನ್ನ ಹೊಟ್ಟೆಕಿಚ್ಚು ಹೋಯಿತೇ ಅಂದರೆ, ಪೂರ್ತಿ ಹೋಗಿಲ್ಲ. ಮಗು ನನ್ನ ಹತ್ತಿರ ಅಳುತ್ತದೆ, ಅಜ್ಜನ ಎದೆ ಸಿಕ್ಕರೆ ಗೊರಕೆ ಹೊಡೆಯುತ್ತದೆ. ಉರಿಯುತ್ತದೆ, ಏನು ಮಾಡಲಿ!

ಇದನ್ನು ಓದುತ್ತಿರುವ ಅಕ್ಕಂದಿರೇ, ಅಮ್ಮಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಮಗು ಕಡಿಮೆ ತೂಕದಲ್ಲಿ ಹುಟ್ಟಿದರೆ ಆಸ್ಪತ್ರೆಯಲ್ಲಿ ಕೇಳಿ ತಿಳಿದುಕೊಂಡು ಎದೆಗೆ ಅಪ್ಪಿಕೊಳ್ಳಿ. ತಾಯಿಯ ಹಾಲನ್ನೇ ಕೊಡಿ. ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ಮೈ ತಣ್ಣಗಾದರೆ, ಉಸಿರಾಟ ಬೇರೆ ಥರ ಕಂಡರೆ ಒಂದು ಗಳಿಗೆಯೂ ತಡ ಮಾಡಬೇಡಿ, ಆಸ್ಪತ್ರೆಗೆ ಹೋಗಿ. ನನಗೆ ಸಿಗದ್ದು ಅವಳಿಗೆ ಯಾಕೆ ಅಂತ ಹೊಟ್ಟೆ ಉರಿದರೆ ಉರಿಯಲಿ, ಆ ಉರಿಯನ್ನು ಮಗುವಿನ ಮೇಲೆ ತೀರಿಸಿಕೊಳ್ಳಬೇಡಿ. ಬಾಗಿಲಲ್ಲಿ ಒಬ್ಬ ಗಂಡಸು ಕೈ ತೊಳೆದುಕೊಂಡು ಬಂದು ನಿಂತಿರಬಹುದು. ನಗಬೇಡಿ, ಒಳಗೆ ಕರೆಯಿರಿ.