ಒಲೆ ಹಚ್ಚಲು ಬಿಡದ ಸ್ತಮಾತಿಸ್

ಚಳಿ ಶುರುವಾಗಿ ತಿಂಗಳು ಕಳೆದರೂ ಅರ್ಗಿರೊ ಮನೆಯ ಹೊಗೆಗೂಡಿನಿಂದ ಹೊಗೆ ಏಳಲಿಲ್ಲ. ಊರಿನ ಬೇರೆ ಮನೆಗಳಲ್ಲೆಲ್ಲ ಮನೆ ಬೆಚ್ಚಗಿಡುವ ಸೌದೆ ಒಲೆ ಉರಿಯುತ್ತಿತ್ತು. ಅವಳ ಗಂಡ ಸ್ತಮಾತಿಸ್ ಮಾತ್ರ ಹೋದ ವರ್ಷದಂತೆಯೇ ಈ ಸಲವೂ ಒಲೆ ಹಚ್ಚಲು ಬಿಡುತ್ತಿರಲಿಲ್ಲ. ಕರೆಂಟಿನ ಹೀಟರ್ ಏನೋ ಇತ್ತು. ಆದರೆ ಗ್ರೀಸ್ ದೇಶದ ನಮ್ಮ ಎವಿಯ ದ್ವೀಪದ ಉತ್ತರ ಭಾಗದಲ್ಲಿ ಗಾಳಿ ಜೋರಾದರೆ ಕರೆಂಟ್ ಹೋಗುವುದು ಮಾಮೂಲು. ಗಂಡ ಹೆಂಡತಿ ಇಬ್ಬರೂ ಕೋಟು ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದರು.

ಪತ್ರಾ ಪಟ್ಟಣದಲ್ಲಿದ್ದ ಮಗಳು ಫೋತಿನಿ ಕೂಸನ್ನು ಕರೆದುಕೊಂಡು ಕ್ರಿಸ್‌ಮಸ್‌ಗೆ ಬರುವವಳಿದ್ದಳು. "ಅಮ್ಮ, ಒಲೆನೇ ಹಚ್ಚದಿರೋ ಮನೆಗೆ ಮಗೂನ ಹೇಗೆ ಕರ್ಕೊಂಡ್ ಬರ್ಲಿ?" ಎಂದು ಫೋನಿನಲ್ಲಿ ಕೇಳಿದಳು.

ಸ್ತಮಾತಿಸ್ ಪೈನ್ ಮರಗಳಿಂದ ರಾಳ ಇಳಿಸುವ ಕೆಲಸದವನು. ಎರಡು ಬೇಸಿಗೆಯ ಹಿಂದೆ ಕಾಡಿಗೆ ಬೆಂಕಿ ಬಿದ್ದಾಗ ಅವನು ಮೇಲೆ ಗುಡ್ಡದಲ್ಲಿದ್ದ. ದಾರಿ ಮುಚ್ಚಿಹೋಯಿತು. ಕಲ್ಲಿನ ನೀರಿನ ತೊಟ್ಟಿಗೆ ಇಳಿದು, ಒದ್ದೆ ಅಂಗಿ ಮುಖಕ್ಕೆ ಸುತ್ತಿಕೊಂಡು ಜೀವ ಉಳಿಸಿಕೊಂಡ. ಮೈಗೆ ಒಂದು ಗಾಯವೂ ಆಗಿರಲಿಲ್ಲ. "ಪುಣ್ಯವಂತ" ಎಂದು ಊರು ಹೇಳಿತು. ಅಲ್ಲಿಂದಾಚೆಗೆ ಅವನು ಆ ದಿನದ ಮಾತೇ ಎತ್ತಲಿಲ್ಲ.

ಒಂದು ಸಂಜೆ ಅವನು ಹೊರಗೆ ಹೋಗಿದ್ದಾಗ ಅರ್ಗಿರೊ ಒಲೆ ಹಚ್ಚಿಯೇಬಿಟ್ಟಳು. ಅವನು ಬಾಗಿಲು ತೆರೆದ, ಹೊಗೆಯ ವಾಸನೆ ಬಡಿಯಿತು. ಬಕೆಟ್ ನೀರು ತಂದು ಒಲೆಯೊಳಗೆ ಸುರಿದ. ಬೂದಿ ಕೋಣೆಯೆಲ್ಲ ಹಾರಿತು. ಅರ್ಗಿರೊ ಕೂಗಾಡಲು ಬಾಯಿ ತೆರೆದವಳು ಅವನ ಕೈ ನೋಡಿ ಸುಮ್ಮನಾದಳು. ಎರಡೂ ಕೈ ಗಡಗಡ ನಡುಗುತ್ತಿದ್ದವು. ಇದು ಹಟವಲ್ಲ, ಹೆದರಿಕೆ ಎಂದು ಅವಳಿಗೆ ಅವತ್ತು ಅರ್ಥವಾಯಿತು.

ಮರುದಿನ ಅವಳು ಅನೆಸ್ತಿಸ್‌ನನ್ನು ಕರೆದಳು. ಅವನು ಸ್ತಮಾತಿಸ್‌ನ ಬಾಲ್ಯದ ಗೆಳೆಯ. ಬೆಂಕಿ ಆರಿಸಲು ಹೋಗಿದ್ದ ಊರಿನ ಸ್ವಯಂಸೇವಕರಲ್ಲಿ ಒಬ್ಬ. ಬಂದವನೇ ಅಡುಗೆಮನೆಯಲ್ಲಿ ಸ್ತಮಾತಿಸ್ ಎದುರು ಕುರ್ಚಿ ಎಳೆದುಕೊಂಡು ಕೂತ.

"ಏನೋ, ಒಲೆ ಮೇಲೆ ಯುದ್ಧ ಸಾರಿದೀಯಂತೆ?"

"ಅರ್ಗಿರೊ ಊರಿಗೆಲ್ಲ ಡಂಗುರ ಹೊಡೆದಾಯ್ತಾ?"

"ನನ್ನೊಬ್ಬನಿಗೇ ಹೇಳಿದ್ದು ಮಾರಾಯ. ಬೆಂಕಿ ಆದ್ಮೇಲೆ ನನಗೂ ನಿದ್ದೆ ಇರ್ಲಿಲ್ಲ. ಸೈರನ್ ಕೇಳಿದ್ರೆ ಬೆವರು ಕಿತ್ಕೊಂಡ್ ಬರ್ತಿತ್ತು. ಈಗ ಎಷ್ಟೋ ಪರವಾಗಿಲ್ಲ."

"ಮಾತ್ರೆ ತಗೊಂಡ್ಯಾ?"

"ಕೆಲವ್ರಿಗೆ ಅದೂ ಬೇಕಾಗುತ್ತೆ. ನನಗೆ ಮಾತೇ ಸಾಕಾಯ್ತು. ವೋಲೋಸ್ ಪಟ್ಟಣದಲ್ಲಿ ಒಬ್ರು ಆಪ್ತಸಮಾಲೋಚಕಿ ಇದಾರೆ, ಎವಾಂಥಿಯಾ ಅಂತ. ವಾರಕ್ಕೊಂದ್ಸಲ ವಿಡಿಯೊ ಕಾಲ್‌ನಲ್ಲಿ ಮಾತಾಡ್ತಿದ್ದೆ."

ಸ್ತಮಾತಿಸ್ ಜೋರಾಗಿ ನಕ್ಕ. "ಫೋನಲ್ಲಿ ಭಯ ಹೋಗುತ್ತಾ? ನಮ್ಮಮ್ಮ ಫೋನಲ್ಲೇ ದೃಷ್ಟಿ ತೆಗೀತಿದ್ಲಲ್ಲ, ಹಂಗಾ?"

"ದೃಷ್ಟಿ ತೆಗೆಯೋಕೆ ಫೋನ್ ಸಾಕು, ಮನಸ್ಸು ಬಿಚ್ಚಿ ಮಾತಾಡೋಕೆ ಸಾಲದಾ?"

"ನನಗೇನು ಹುಚ್ಚು ಹಿಡಿದಿದ್ಯಾ?"

"ತೊಟ್ಟೀಲಿ ಕೂತು ಆ ಬೆಂಕಿ ನೋಡಿದೋನು ಬೆಚ್ಚಿಬೀಳದಿದ್ರೆ ಅದೇ ವಿಚಿತ್ರ. ಬೆಂಕಿ ಆರಿದೆ ಅಂತ ನಿನ್ನ ತಲೆಗೆ ಗೊತ್ತು, ಮೈಗೆ ಇನ್ನೂ ಗೊತ್ತಾಗಿಲ್ಲ. ಅಷ್ಟೇ."

ಸ್ತಮಾತಿಸ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಕಾಫಿ ಅಂಗಡೀಲಿ ಕೂರೋರಿಗೆ ಗೊತ್ತಾದ್ರೆ?"

"ಯಾರು ಹೇಳ್ತಾರೆ? ಆಕೆ ಯಾರಿಗೂ ಹೇಳೋ ಹಾಗಿಲ್ಲ. ಮನೇಲಿ ಬೇಡ ಅಂದ್ರೆ ಕಾರಲ್ಲಿ ಕೂತು ಮಾತಾಡು. ನಾನು ಹಾಗೇ ಮಾಡ್ತಿದ್ದೆ."

"ಓಹೋ! ಹಡಗುಕಟ್ಟೆ ಹತ್ರ ಕಾರ್ ನಿಲ್ಸಿ ನೀನು ಒಬ್ಬನೇ ಮಾತಾಡ್ತಿದ್ದಿದ್ದು ಇದಕ್ಕಾ? ನಾವೆಲ್ಲ ನಿನಗೆ ಯಾರೋ ಗಂಟುಬಿದ್ದಿದಾಳೆ ಅಂದ್ಕೊಂಡಿದ್ವಿ!"

ಅಲ್ಲೇ ಇದ್ದ ಅರ್ಗಿರೊಗೂ ನಗು ತಡೆಯಲಾಗಲಿಲ್ಲ. ಹೊರಡುವಾಗ ಅನೆಸ್ತಿಸ್ ಹೇಳಿದ: "ಫೋನಲ್ಲಿ ಕಂಡ ಜಾಹೀರಾತಿಗೆಲ್ಲ ಕರೆ ಮಾಡ್ಬೇಡ. ಇವರ ಹೆಸ್ರು ನಾನು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ತಗೊಂಡಿದ್ದು. ಓದಿದೋರು, ಪರವಾನಗಿ ಇರೋರು."

ಮೊದಲ ಸಲ ಸ್ತಮಾತಿಸ್ ಕಾರಿನಲ್ಲಿ ಬೆನ್ನು ಸೆಟೆದು ಕೂತ. ಎವಾಂಥಿಯಾ ಮೊದಲು ಕೇಳಿದ್ದು, "ನೀವಿರೋ ಕಡೆ ಬೇರೆ ಯಾರಿಗಾದ್ರೂ ನಮ್ಮ ಮಾತು ಕೇಳಿಸುತ್ತಾ?" ಆಮೇಲೆ, "ಲೈನ್ ಹೋದ್ರೆ ಗಾಬರಿ ಆಗ್ಬೇಡಿ, ನಾನೇ ಮತ್ತೆ ಮಾಡ್ತೀನಿ. ಎಲ್ಲಾ ಇವತ್ತೇ ಹೇಳ್ಬೇಕು ಅಂತೇನಿಲ್ಲ" ಎಂದಳು. ಅವನು ಎಲ್ಲದಕ್ಕೂ "ಚೆನ್ನಾಗಿದೀನಿ" ಎಂದು ಮಾತು ಮುಗಿಸಿ ಬಂದ.

"ನೋಡಿದ್ಯಾ? ಏನೂ ಆಗ್ಲಿಲ್ಲ" ಎಂದ ಹೆಂಡತಿಗೆ. ಮುಂದಿನ ವಾರ ಅವಳು ಕಾರಿನ ಕೀ ತಂದು ಅವನ ಕಾಫಿ ಲೋಟದ ಪಕ್ಕ ಇಟ್ಟಳು. ಅವನು ಗೊಣಗುತ್ತಲೇ ಹೋದ.

ಹೀಗೆ ಹೋಗಿಬರುತ್ತಿರುವಾಗ ಒಂದು ದಿನ ಅವನ ಬಾಯಿಂದ ಆ ಮಾತು ಹೊರಬಂತು. "ನಾಯಿ ಇತ್ತು. ಕನೆಲಾ ಅಂತ. ಗುಡ್ಡದ ಮೇಲಿನ ನಮ್ಮ ಗುಡಿಸಲ ಹತ್ರ ಕಟ್ಟಿದ್ದೆ. ಬಿಚ್ಚೋಕೆ ಹೋಗ್ಲಿಲ್ಲ. ತೊಟ್ಟೀಲಿ ಕೂತಿದ್ದಾಗ ಅದು ಕೂಗೋದು ಕೇಳಿಸ್ತಾನೇ ಇತ್ತು."

ಎವಾಂಥಿಯಾ ಅವಸರದಿಂದ ಸಮಾಧಾನ ಹೇಳಲಿಲ್ಲ. "ಕನೆಲಾ ಹೇಗಿದ್ಲು?" ಎಂದು ಕೇಳಿದಳು. ಅವನು ಹೇಳತೊಡಗಿದ, ಹೇಳುತ್ತ ಅಳತೊಡಗಿದ. ಅಷ್ಟರಲ್ಲಿ ನೆಟ್‌ವರ್ಕ್ ಹೋಗಿ ಪರದೆ ಕಪ್ಪಾಯಿತು. ನನ್ನ ಗೋಳು ಕೇಳಿ ಬೇಸತ್ತಳು ಎಂದುಕೊಂಡ. ಮರುಗಳಿಗೆ ಫೋನ್ ರಿಂಗಾಯಿತು. "ಇಲ್ಲೇ ಇದೀನಿ. ಹೇಳಿ" ಎಂದಳು ಎವಾಂಥಿಯಾ.

ಆ ದಿನ ಮನೆಗೆ ಬಂದು ಅದನ್ನೇ ಅರ್ಗಿರೊಗೂ ಹೇಳಿದ. ಅವಳು ಅವನ ಕೈ ಹಿಡಿದು ಕೂತಳು.

ಮುಂದಿನ ಕೆಲಸ ನಿಧಾನವಾಗಿ ನಡೆಯಿತು. ಭಯ ಏರಿದಾಗ ಎರಡೂ ಪಾದ ನೆಲಕ್ಕೆ ಒತ್ತಿ, ಉಸಿರು ನಿಧಾನಕ್ಕೆ ಬಿಟ್ಟು, ಕಣ್ಣಿಗೆ ಕಾಣುವ ವಸ್ತುಗಳ ಹೆಸರು ಹೇಳಿಕೊಳ್ಳುವುದನ್ನು ಎವಾಂಥಿಯಾ ಕಲಿಸಿದಳು. ಆಮೇಲೆ ಬೆಂಕಿಯ ಅಭ್ಯಾಸ: ಮೊದಲು ಅಂಗಳದಲ್ಲಿ ಒಂದು ಬೆಂಕಿಕಡ್ಡಿ ಗೀರುವುದು. ಅದು ಸಲೀಸಾದ ಮೇಲೆ ಮೇಣದಬತ್ತಿ. ನಡುವೆ ಒಂದು ದಿನ ಪಕ್ಕದ ತೋಟದವರು ಆಲಿವ್ ಕೊಂಬೆಗಳನ್ನು ಸುಟ್ಟರು. ಸ್ತಮಾತಿಸ್ ಸಮುದ್ರದ ಕಡೆಗೆ ಓಡಿಬಿಟ್ಟ.

"ಎಲ್ಲಾ ನೀರಲ್ಲಿ ಹೋಮ ಆಯ್ತು" ಎಂದು ಎವಾಂಥಿಯಾಗೆ ಹೇಳಿದ.

"ವಾಪಸ್ ಯಾವಾಗ ಬಂದ್ರಿ?"

"ಸಂಜೆಗೆ ಬಂದೆ."

"ಮೊದ್ಲೆಲ್ಲ ಹೀಗಾದ್ರೆ?"

ಸ್ತಮಾತಿಸ್ ಯೋಚಿಸಿದ. "ದಿನಗಟ್ಟಲೆ ಮಾತೇ ಆಡ್ತಿರ್ಲಿಲ್ಲ."

"ನೋಡಿ ಮತ್ತೆ" ಎಂದಳು ಅವಳು.

ಕ್ರಿಸ್‌ಮಸ್‌ಗೆ ಫೋತಿನಿ ಬರಲಿಲ್ಲ. ಚಳಿಗಾಲದ ಕೊನೆಗೆ ಬಂದಳು. ಆ ಮಧ್ಯಾಹ್ನ ಸ್ತಮಾತಿಸ್ ತಾನೇ ಸೌದೆ ಜೋಡಿಸಿ, ಕಡ್ಡಿ ಗೀರಿ ಒಲೆ ಹಚ್ಚಿದ. ಎರಡೂ ಪಾದ ನೆಲಕ್ಕೆ ಒತ್ತಿ, ಉಸಿರು ನಿಧಾನಕ್ಕೆ ಬಿಟ್ಟ. ಎದ್ದು ಹೋಗಲಿಲ್ಲ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತ. ಫೋತಿನಿ ಕೂಸನ್ನು ಒಲೆಯ ಕಾವಿನಲ್ಲಿ ಮಲಗಿಸಿ, "ಅಪ್ಪ, ಬಾಗ್ಲು ಹಾಕ್ಲಾ?" ಎಂದಳು.

"ಇವತ್ತು ತೆಗೆದೇ ಇರ್ಲಿ" ಎಂದ ಸ್ತಮಾತಿಸ್. "ನಾಳೆ ನೋಡೋಣ."

ಓದುಗರೇ, ಬೆಂಕಿ, ನೆರೆ, ಅಪಘಾತ, ಹೊಡೆತ, ಹತ್ತಿರದವರ ಸಾವು, ಇಂಥದ್ದನ್ನು ಕಂಡವರು ನಿಮ್ಮ ಮನೆಯಲ್ಲೂ ಇರಬಹುದು. ಅವರ ಸಿಟ್ಟನ್ನು, ಮೌನವನ್ನು ಹಟ ಎಂದು ತಳ್ಳಿಹಾಕಬೇಡಿ. ಆಪ್ತಸಮಾಲೋಚಕರು ಊರಿನಲ್ಲಿ ಇಲ್ಲದಿದ್ದರೆ ಫೋನಿನಲ್ಲಿ ಸಿಗುತ್ತಾರೆ. ಅರ್ಹತೆ ವಿಚಾರಿಸಿ, ಯಾರೂ ಕದ್ದು ಕೇಳದ ಜಾಗ ನೋಡಿಕೊಳ್ಳಿ. ಮೊದಲ ದಿನವೇ ಹಗುರಾಗದಿದ್ದರೆ ಕೈಬಿಡಬೇಡಿ. ಕರ್ನಾಟಕದಲ್ಲಿರುವವರು ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಆಡುವವರನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಈ ಸಾಲುಗಳನ್ನು ಓದುವಾಗ ಯಾರ ಮುಖ ನೆನಪಾಯಿತೋ ಅವರ ಪಕ್ಕದಲ್ಲಿ ಇವತ್ತೇ ಹೋಗಿ ಕೂತುಕೊಳ್ಳಿ. ಆ ಮುಖ ನಿಮ್ಮದೇ ಆಗಿದ್ದರೆ, ಫೋನ್ ಕೈಗೆ ತಗೊಳ್ಳಿ.