ಪುತು ಗಾಡಿಯ ಸಿಳ್ಳೆ ಕದ್ದ ಕೆಟಲ್

೧

ಎಲ್ಲಿಂದ ಶುರು ಮಾಡಲಿ? ಮೊದಲ ಸಾಲು ಹೀಗಿತ್ತು: ‘ಬಾಂಡುಂಗ್ ಪಟ್ಟಣದ ಮೇಲೆ ಸಂಜೆಯ ಮಂಜು ರೇಷ್ಮೆ ಸೆರಗಿನಂತೆ ಇಳಿಯುತ್ತಿತ್ತು.’

ಹೆಗಲ ಮೇಲಿಂದ ಇಣುಕಿ ಓದುತ್ತಿದ್ದ ತಿಯುರ್ ಕಿಸಕ್ಕನೆ ನಕ್ಕಳು. “ಇಬು, ಅವತ್ತು ಮಂಜೂ ಇರ್ಲಿಲ್ಲ, ಮಣ್ಣೂ ಇರ್ಲಿಲ್ಲ. ನೀವು ಬಚ್ಚಲ ಮೋರಿಗೆ ಕಡ್ಡಿ ಹಾಕಿ ಕೆದಕ್ತಾ ಬೈತಾ ಇದ್ರಿ.”

ಸರಿ, ಮಂಜನ್ನು ಹೊಡೆದುಹಾಕಿದೆ. ಮೋರಿಯಿಂದಲೇ ಶುರು.

ನಾನು ಓದುವ ಹುಡುಗಿಯರಿಗೆ ಈ ಓಣಿಯಲ್ಲಿ ಕೋಣೆ ಬಾಡಿಗೆ ಕೊಡುವವಳು, ಹಾಗಾಗಿ ಎಲ್ಲರಿಗೂ ‘ಇಬು’, ಅಂದರೆ ಅಮ್ಮ; ಮಿಕ್ಕ ಹೊತ್ತಿನಲ್ಲಿ ಕಥೆ ಬರೆಯುವವಳು. (ಕಥೆಗಿಂತ ಕೋಣೆಗೇ ಬೇಡಿಕೆ ಹೆಚ್ಚು.) ತಿಯುರ್ ಮೆಡಾನ್ ಕಡೆಯ ಬಾತಾಕ್ ಜನಾಂಗದ ಹುಡುಗಿ, ಕಾನೂನು ಓದುತ್ತಾಳೆ, ಮೆಲ್ಲಗೆ ಮಾತಾಡುವುದು ಅವಳ ವಂಶದಲ್ಲೇ ಇಲ್ಲ. ಮೋರಿ ಕಟ್ಟಿಕೊಳ್ಳುವಂತೆ ಮಾಡಿದವಳು ಅವಳ ಪಕ್ಕದ ಕೋಣೆಯ ರೆಂಗನಿಸ್. ಗಾರುತ್ ಊರಿನವಳು, ಇಂಡಸ್ಟ್ರಿಯಲ್ ಡಿಸೈನ್ ವಿದ್ಯಾರ್ಥಿನಿ. ಮಾಡೆಲ್ ಎರೆಯಲು ಪ್ಲಾಸ್ಟರ್ ಕಲಸಿದ ಬಕೆಟ್ಟನ್ನು ಅಲ್ಲೇ ತೊಳೆದಿದ್ದಳು. ಒಳಗೆ ಅದು ಕಲ್ಲಾಗಿ ಕೂತಿತ್ತು.

೨

ಅವಳ ಕೋಣೆಯನ್ನು ವರ್ಣಿಸುವುದು ಕಷ್ಟ, ಏಕೆಂದರೆ ಒಳಗೆ ಕಾಲಿಡಲು ಜಾಗವಿಲ್ಲ. ರಟ್ಟಿನ ಕುರ್ಚಿ, ಥರ್ಮೊಕೋಲಿನ ಬೂಟು, ಹಿಡಿಯಿಲ್ಲದ ಛತ್ರಿ. ನನ್ನ ಸೌಟು ಕಾಣೆಯಾದರೆ ಅವಳ ಮೇಜಿನ ಮೇಲೆ ಸ್ಕೇಲಿನ ಪಕ್ಕ ಮಲಗಿರುತ್ತದೆ. ನಾವು ಮಾತಾಡುತ್ತಿರುವಾಗಲೇ ಕೈ ಹಿಡಿದೆಳೆದು ಹೆಬ್ಬೆರಳು ಅಳೆಯುತ್ತಾಳೆ. “ಒಂದ್ನಿಮಿಷ ಇಬು, ಅಲ್ಲಾಡ್ಬೇಡಿ, ಹಿಡಿಕೆಗೆ ಬೇಕು.”

ಆ ಸೆಮಿಸ್ಟರಿನ ಪ್ರಾಜೆಕ್ಟು: ಮನೆಯನ್ನು ನೆನಪಿಗೆ ತರುವ ಒಂದು ಅಡುಗೆಮನೆ ವಸ್ತು. ಅವಳಿಗೆ ಮನೆಯೆಂದರೆ ಸಂಜೆಯ ಪುತು ಗಾಡಿ. ಬಿದಿರ ಕೊಳವೆಯಲ್ಲಿ ಬೇಯುವ ಹಸಿರು ಪುತು, ಒಳಗೆ ಕರಗಿದ ಬೆಲ್ಲ, ಮೇಲೆ ತೆಂಗಿನ ತುರಿ. ಗಾಡಿಯ ಹಬೆ ಸಣ್ಣ ತೂತಿನಿಂದ ನುಗ್ಗಿ ಕುಂಯ್ಯ್ ಎಂದು ಕೂಗಿದರೆ ಅವಳಮ್ಮ ತಟ್ಟೆ ಹಿಡಿದು ಓಡುತ್ತಿದ್ದಳಂತೆ. “ಆ ಕುಂಯ್ಯನ್ನೇ ಕೆಟಲ್‌ಗೆ ಕೂರಿಸ್ತೀನಿ” ಎಂದಳು.

ಮೊದಲ ಸಿಳ್ಳೆ ಆಡಿನಂತೆ ಒದರಿತು. ಇನ್ನೊಂದು ಬರೀ ನಿಟ್ಟುಸಿರು ಬಿಟ್ಟಿತು. “ಪಾಪ, ಅದಕ್ಕೂ ನಾಳೆ ಪರೀಕ್ಷೆ ಇರ್ಬೇಕು” ಎಂದಳು ತಿಯುರ್. ರೆಂಗನಿಸ್ ಹಿತ್ತಾಳೆ ಕೊಳವೆ ಕೊಯ್ದಳು, ಉಜ್ಜಿದಳು, ಬೆರಳು ಸುಟ್ಟುಕೊಂಡಳು, ಮತ್ತೆ ಕೊಯ್ದಳು.

೩

ಒಂದು ಸಂಜೆ ನನ್ನ ಒಲೆಯ ಮೇಲೆ ಕೆಟಲ್ ಕುಂಯ್ಯ್ ಎಂದಿತು. ಥೇಟ್ ಅದೇ! ಮಹಡಿಯಿಂದ ಹುಡುಗಿಯರು ದಡದಡ ಇಳಿದರು. ತಿಯುರ್ ಒದ್ದೆ ತಲೆಯಲ್ಲೇ ತಟ್ಟೆ ಹಿಡಿದು ಗೇಟಿನ ತನಕ ಓಡಿದಳು. ಓಣಿ ಖಾಲಿ. ಅಡುಗೆಮನೆಯಲ್ಲಿ ರೆಂಗನಿಸ್ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ಅಯ್ಯೋ ಪಾಪಿ! ಹೊಟ್ಟೆ ಹಸಿದೋರ ಜೊತೆ ಆಟ ಆಡ್ತೀಯೇನೇ?” ಎಂದು ತಿಯುರ್ ಅದೇ ತಟ್ಟೆಯಲ್ಲಿ ಅವಳ ತಲೆಗೊಂದು ಕೊಟ್ಟಳು.

ರೆಂಗನಿಸಳ ಮೇಷ್ಟ್ರು ಪಾಕ್ ಸುಹಂದ (‘ಪಾಕ್’ ಅಂದರೆ ‘ಸರ್’ ಇದ್ದ ಹಾಗೆ) ಕಾಲೇಜಿನಲ್ಲಿ ಅದನ್ನು ಕೇಳಿ ಕಣ್ಣು ಮುಚ್ಚಿಕೊಂಡರಂತೆ. ಹೊಗಳಿಕೆ ಎಂದರೆ ಅವರಿಗೆ ಅಲರ್ಜಿ. ಆದರೂ “ಇದು ವರ್ಷದ ಪ್ರದರ್ಶನಕ್ಕೆ ಹೋಗ್ಲಿ” ಎಂದರು. ಪ್ರದರ್ಶನಕ್ಕೆ ಕಂಪನಿಯವರು ಬರುತ್ತಾರೆ, ಕೆಲಸ ಸಿಗುತ್ತದೆ. ರೆಂಗನಿಸ್ ಅಮ್ಮನಿಗೆ ಫೋನ್ ಮಾಡಿ ಕೆಟಲ್ಲಿನಿಂದಲೇ ಸುದ್ದಿ ಹೇಳಿಸಿದಳು.

(ಇಲ್ಲೇ ನಿಲ್ಲಿಸಿದ್ದರೆ ಚಂದದ ಕಥೆ. ಓದುಗರೇ, ಅರ್ಜೆಂಟಿದ್ದವರು ಇಲ್ಲೇ ಇಳಿದುಕೊಳ್ಳಬಹುದು.)

೪

ಮಾಡೆಲ್ ಸರಿಮಾಡಲು ಅವಳು ದಿನಾ ಸಂಜೆ ನೀರು ಕುದಿಸತೊಡಗಿದಳು. ಓಣಿಯವರು ಓಡಿ ಬಂದರು, ಬೈದುಕೊಂಡು ಹೋದರು. ಆಮೇಲೆ ಓಡಿ ಬರುವುದನ್ನೇ ಬಿಟ್ಟರು. ನಿಜವಾದ ಪುತು ಗಾಡಿ ಬಂದು ಕೂಗಿದಾಗಲೂ ಯಾರೂ ಕದಲಲಿಲ್ಲ. “ಆ ಹುಡುಗಿ ಕೆಟಲ್ ಬಿಡು” ಎಂದು ಟಿವಿ ನೋಡುತ್ತ ಕೂತರು.

ಗಾಡಿಯವನು, ಓಣಿಗೆಲ್ಲ ‘ಮಾಂಗ್’ (ಚಿಕ್ಕಪ್ಪ) ಆದ ಅಡಂಗ್, ಗೇಟಿಗೆ ಬಂದ. ನನ್ನ ಮೊದಲ ಪ್ರತಿಯಲ್ಲಿ ಅವನು ನರೆತ ಮುದುಕ, ಕಣ್ತುಂಬ ನೀರು. ಅದನ್ನು ಅವನಿಗೇ ಓದಿ ಹೇಳಿದೆ, ಸಿಡಿದುಬಿದ್ದ: “ಇಬು, ನನ್ನ ಕೂದಲಿಗೆ ಮೊನ್ನೆಯಷ್ಟೇ ಬಣ್ಣ ಹಾಕಿಸಿದೀನಿ. ಅಳಿಸ್ಬೇಡಿ ನನ್ನ, ಹೆಂಡ್ತಿ ನಗ್ತಾಳೆ. ನಾನು ಬಂದಿದ್ದು ಜಗಳಕ್ಕೆ.”

ನಿಜ, ಜಗಳಕ್ಕೇ ಬಂದಿದ್ದ. ಫುಟ್ಬಾಲ್ ಜರ್ಸಿ ತೊಟ್ಟು, ಸೊಂಟದ ಮೇಲೆ ಕೈಯಿಟ್ಟು.

“ನೆಂಗ್, ನೋಡು ಹುಡುಗಿ, ನಿನ್ ಕೆಟಲ್ ನನ್ ಹೆಸರಿಟ್ಕೊಂಡು ಕೂಗ್ತಾ ಇದೆ. ನಾನು ಬರೋಕೆ ಮುಂಚೆ ಜನ ನನ್ನ ಬೈದು ಮುಗಿಸಿರ್ತಾರೆ. ನಿನ್ನೆ ಅರ್ಧ ಡಬ್ಬಿ ಹಿಟ್ಟು ವಾಪಸ್ ಹೊತ್ಕೊಂಡು ಹೋದೆ.”

“ಶಬ್ದಕ್ಕೆಲ್ಲ ಯಾರೂ ಮಾಲೀಕರಿಲ್ಲ, ಮಾಂಗ್. ಕಾನೂನಲ್ಲಿ...” ಎಂದು ತಿಯುರ್ ಶುರುಮಾಡಿದಳು.

“ಕಾನೂನು ಪುತು ತಿನ್ನುತ್ತೇನಮ್ಮಾ?”

ರೆಂಗನಿಸ್ ಕೆಂಪಗಾದಳು. “ಮಾಂಗ್, ನಿಮ್ಮ ಗಾಡಿಗೆ ಇನ್ನೂ ಚೆನ್ನಾಗಿರೋ ಸಿಳ್ಳೆ ಮಾಡ್ಕೊಡ್ತೀನಿ, ಬೇರೆ ದನಿಯಲ್ಲಿ.”

“ನನ್ನದಕ್ಕೇನಾಗಿದೆ? ಜ್ವರ ಬಂದಿರೋದು ನಿನ್ನದಕ್ಕೆ, ಔಷಧಿ ನನಗ್ಯಾಕೆ?”

ಅವನು ಗಾಡಿ ತಳ್ಳಿಕೊಂಡು ಹೊರಟ. ಸಿಳ್ಳೆ ಕೂಗುತ್ತಲೇ ಇತ್ತು. ಓಣಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ರೆಂಗನಿಸ್ ಗೇಟಿನ ಸರಳು ಹಿಡಿದು ಅವನು ತಿರುವು ದಾಟುವ ತನಕ ನೋಡಿದಳು.

೫

ಇಲ್ಲಿ ನಾನೊಂದು ದೃಶ್ಯ ಬರೆದಿದ್ದೆ: ಅವಳು ಕಿಟಕಿಯ ಬಳಿ ನಿಂತು ಕಲೆ ಮತ್ತು ಬದುಕಿನ ಬಗ್ಗೆ ದೀರ್ಘವಾಗಿ ಯೋಚಿಸುತ್ತಾಳೆ. ರೆಂಗನಿಸ್ ಓದಿ, “ಇಬು, ನಾನು ಇಷ್ಟೊಂದು ಯೋಚ್ನೆ ಮಾಡೋಳಾಗಿದ್ರೆ ಪ್ಲಾಸ್ಟರ್ ಮೋರಿಗೆ ಸುರೀತಿದ್ನಾ?” ಎಂದಳು. ಅದೂ ಹೋಯಿತು.

ನಡೆದದ್ದು ಇಷ್ಟು. ಮಾರನೆಯ ಬೆಳಿಗ್ಗೆ ಹಿತ್ತಲಲ್ಲಿ ಕರಕರ ಸದ್ದು. ಗರಗಸ ಹಿಡಿದು ಸಿಳ್ಳೆಯನ್ನು ಕೊಯ್ಯುತ್ತಿದ್ದಳು. ಮೂಗು ಸೋರುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ.

“ಮೇಷ್ಟ್ರ ಕೊನೇ ರಿವ್ಯೂ ಮುಗಿದ್ಮೇಲೆ ಕೊಯ್ಯೇ, ಹುಚ್ಚಿ!” ತಿಯುರ್ ಗರಗಸಕ್ಕೆ ಕೈ ಹಾಕಿದಳು. “ಪ್ರದರ್ಶನ ಮುಗೀಲಿ, ಯಾರು ಬೇಡ ಅಂತಾರೆ?”

“ಅಲ್ಲಿ ಯಾರಾದ್ರೂ ಇಷ್ಟಪಟ್ರೆ ಕಾರ್ಖಾನೆಗೆ ಹೋಗುತ್ತೆ ಕಣೇ. ಆಮೇಲೆ ಎಲ್ಲ ಓಣೀಲೂ ಕೂಗುತ್ತೆ. ಎಷ್ಟು ಗೇಟ್ ಹತ್ರ ನಿಂತು ಸಾರಿ ಹೇಳ್ಲಿ?”

ತಿಯುರ್ ಏನೂ ಅನ್ನಲಿಲ್ಲ. (ಇದೇ ಈ ಕಥೆಯ ಅತಿ ದೊಡ್ಡ ಪವಾಡ. ಅಂಡರ್‌ಲೈನ್ ಮಾಡಿಕೊಳ್ಳಿ.) ಸುಮ್ಮನೆ ಕೂತು ಕೆಟಲ್ ಅಲ್ಲಾಡದಂತೆ ಹಿಡಿದುಕೊಂಡಳು.

೬

ರಿವ್ಯೂ ದಿನ ಪಾಕ್ ಸುಹಂದ ಕೆಟಲನ್ನು ತಿರುಗಿಸಿ ನೋಡಿದರು.

“ಸಿಳ್ಳೆ ಎಲ್ಲಮ್ಮಾ?”

“ಅದು ಬೇರೆಯವರದ್ದು, ಪಾಕ್. ವಾಪಸ್ ಕೊಟ್ಟೆ.”

“ಹಾಗಾದ್ರೆ ಇದು ಬರೀ ಕೆಟಲ್.”

“ಹೌದು ಪಾಕ್. ಬರೀ ಕೆಟಲ್.”

ಪ್ರದರ್ಶನದಿಂದ ಹೆಸರು ಹೋಯಿತು. ರಜೆ ಬಿಡುವುದರೊಳಗೆ ಹೊಸದನ್ನು ತಂದರೆ ನೋಡೋಣ ಎಂದರು. ಮನೆಗೆ ಬಂದವಳು ಚಪ್ಪಲಿ ಬಿಚ್ಚದೆ ಅಡುಗೆಮನೆಯಲ್ಲಿ ಕೂತುಬಿಟ್ಟಳು. ನನಗೆ ಸಮಾಧಾನ ಹೇಳಲು ಬರುವುದಿಲ್ಲ, ಚಹಾ ಮಾಡಲು ಬರುತ್ತದೆ. ಅದೇ ಮೂಕ ಕೆಟಲ್ಲಿನಲ್ಲಿ ನೀರಿಟ್ಟೆ.

ಕುದಿ ಬಂದಾಗ ಮುಚ್ಚಳ ಕುಣಿಯತೊಡಗಿತು. ಟಕ, ಪಕ, ಟಕಟಕ. ಸಿಳ್ಳೆಯ ಜಾಗ ಮುಚ್ಚಿದ್ದರಿಂದ ಹಬೆಗೆ ಬೇರೆ ದಾರಿಯಿರಲಿಲ್ಲ. ರೆಂಗನಿಸ್ ತಲೆಯೆತ್ತಿದಳು.

“ಇಬು, ಒಲೆ ಆರಿಸ್ಬೇಡಿ.”

“ನೀರೆಲ್ಲ ಇಂಗುತ್ತೆ ಕಣೇ!”

“ಇಂಗ್ಲಿ! ನೋಡಿ, ಅದು ತಾನಾಗೇ ಮಾತಾಡ್ತಾ ಇದೆ.”

ಆಮೇಲೆ ನಮಗೆಲ್ಲ ಮುಚ್ಚಳದ ಹುಚ್ಚು. ಮರದ ಮುಚ್ಚಳ ಗೊಣಗಿತು, ತಗಡಿನದು ಜಗಳ ತೆಗೆಯಿತು. ಕೊನೆಗೆ ತೆಳುವಾದ ಮಣ್ಣಿನ ಮುಚ್ಚಳವೊಂದು ಹಬೆಯ ಮೇಲೆ ಹಗುರಾಗಿ ಕುಣಿದು, ಯಾರೋ ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಇಳಿದು ಬರುತ್ತಿರುವ ಹಾಗೆ ಕೇಳಿಸಿತು. “ಇದು ನಿಮ್ಮದೇ ನಡಿಗೆ, ಇಬು” ಎಂದಳು. ನಾನು ಇಷ್ಟು ಟಕಟಕ ನಡೆಯುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಪಾಕ್ ಸುಹಂದ ಅದನ್ನು ಪಾಸು ಮಾಡಿದರು. ಈ ಸಲ ಕಣ್ಣು ಮುಚ್ಚಲಿಲ್ಲ, ಬಗ್ಗಿ ಮುಚ್ಚಳವನ್ನೇ ನೋಡುತ್ತ ನಿಂತರಂತೆ. ಪ್ರದರ್ಶನ ಮಾತ್ರ ಅಷ್ಟರಲ್ಲಿ ಮುಗಿದಿತ್ತು.

ಮಾಂಗ್ ಅಡಂಗನ ಗಾಡಿಗೆ ಓಣಿಯ ಜನ ಮೆಲ್ಲಗೆ ಮರಳಿದರು. ಅವರನ್ನು ನಂಬಿಸಲು ರೆಂಗನಿಸ್ ಕೆಲವು ಸಂಜೆ ಗಾಡಿಯ ಮುಂದೆ ಓಡುತ್ತ, “ಇದು ನಿಜವಾದ್ದು! ನಿಜವಾದ್ದು!” ಎಂದು ಬಾಗಿಲು ಬಡಿದಳು. ಅವನು ಅವಳನ್ನು ಕ್ಷಮಿಸಿದನೋ ಇಲ್ಲವೋ ಹೇಳಲಾರೆ. ಅವಳ ಪುತುವಿಗೆ ತೆಂಗಿನ ತುರಿ ಮಾತ್ರ ಧಾರಾಳವಾಗಿ ಹಾಕುತ್ತಾನೆ.

೭

ಮುಕ್ತಾಯ. ತಿಯುರ್ ಪ್ರಕಾರ ಕೆಟಲ್‌ಗೆ ವಿದೇಶದಲ್ಲಿ ಬಹುಮಾನ ಬರಬೇಕು, ಸಮಾರಂಭಕ್ಕೆ ವಕೀಲೆಯಾಗಿ ಅವಳೂ ವಿಮಾನ ಹತ್ತಬೇಕು. ಮಾಂಗ್ ಅಡಂಗನ ಪ್ರಕಾರ ಟಿವಿಯವರು ಬಂದು ಗಾಡಿಯನ್ನು, ವಿಶೇಷವಾಗಿ ಅವನ ಕೂದಲನ್ನು, ತೋರಿಸಬೇಕು. ನಾನು ಎರಡನ್ನೂ ಬರೆದು ನೋಡಿದೆ. ಎರಡೂ ಸುಳ್ಳು. ಮೂರನೆಯದೊಂದು ಹೊಳೆಯುತ್ತಿದೆ, ಬಹಳ ಗಂಭೀರವಾದದ್ದು, ಓದಿದವರು ಪುಸ್ತಕ ಮಡಚಿ ನಿಟ್ಟುಸಿರು ಬಿಡುವಂಥದ್ದು. ಅದು ಹೀಗೆ ಶುರುವಾಗ

“ಇಬು, ಸ್ವಲ್ಪ ಎದ್ದೇಳ್ತೀರಾ? ಈ ಸಲ ಮೇಜಿನ ಪ್ರಾಜೆಕ್ಟು. ನಿಮ್ಮದರ ಕಾಲು ಹ್ಯಾಗೆ ಜೋಡಿಸಿದಾರೆ ಅಂತ ಬಿಚ್ಚಿ ನೋಡ್ಬೇಕಿತ್ತು.”

“ಬರೀತಾ ಇದೀನಿ ಕಣೇ!”

“ಬರೀರಿ, ಬರೀರಿ. ತಿಯುರ್ ಆ ಕಡೆ ಎತ್ತಿ ಹಿಡ್ಕೊಂಡಿರ್ತಾಳೆ.”

ಈಗ ಅಕ್ಷರಗಳು ಸ್ವಲ್ಪ ಎಡಕ್ಕೆ ವಾಲುತ್ತಿ